ಹೂಂಗುಟ್ಟಿದ ಸಾಕ್ಷಿ

ದೊಡ್ಡಮ್ಮ ವಿಚಾರಣೆಯ ಕೋಣೆಯಿಂದ ಹೊರಗೆ ಬಂದಳು, ಹೆಬ್ಬೆರಳಿನ ಶಾಯಿಯನ್ನು ಏಪ್ರನ್ನಿಗೆ ಒರೆಸಿಕೊಂಡಳು, ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಕಾವಲುಗಾರ ಬಂದು "ಮುಗೀತಲ್ಲ, ಕೆಲಸಕ್ಕೆ ಹೋಗಿ" ಎಂದರೆ ಕೈ ಅಡ್ಡ ಹಿಡಿದಳು.

"ಇರಪ್ಪಾ. ಸಾಹೇಬ್ರು ಅವರದ್ದು ಹೇಳಿ ಮುಗಿಸಿದ್ರು. ಇನ್ನು ನನ್ನದು ಹೇಳೋದಿದೆ. ಕರೀತಾರೆ."

ಯಾರೂ ಕರೆಯಲಿಲ್ಲ. ಚಹಾದ ಗಂಟೆ ಹೊಡೆಯಿತು, ಸಾಹೇಬರ ಕಾರು ಗೇಟು ದಾಟಿತು, ಅವಳು ಕೂತೇ ಇದ್ದಳು. ಒಳಗೆ, ಅವಳ ಹೆಬ್ಬೆಟ್ಟು ಬಿದ್ದ ಹಾಳೆಗಳಲ್ಲಿ, ಅವಳು ಹೇಳಬೇಕಾದ್ದೆಲ್ಲ ಆಗಲೇ ಹೇಳಿ ಮುಗಿದಿತ್ತು.

ಆ ಹಾಳೆಗಳಿಗೆ ಪಿನ್ನು ಹೊಡೆದು ಫೈಲಿಗೆ ಸೇರಿಸಿದವಳು ಅವಳ ತಂಗಿಯ ಮಗಳೇ. ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್; ಕೀಲಿಮಣೆ ಕುಟ್ಟುವ ವೇಗ ನೋಡಿ ಕೆಲಸದ ಹೆಂಗಸರು 'ಟಕಟಕಿ' ಎಂದು ಹೆಸರಿಟ್ಟಿದ್ದರು. ತಾಯಿ ಸತ್ತ ಮೇಲೆ ದೊಡ್ಡಮ್ಮನ ಕೈತುತ್ತು ತಿಂದು ಬೆಳೆದವಳು. ಆದರೆ ದೊಡ್ಡಮ್ಮನನ್ನು ಕಾರ್ಖಾನೆಯಲ್ಲಿ ಮೇಸ್ತ್ರಿಯಿಂದ ಹಿಡಿದು ಲಾರಿಯವನ ತನಕ ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಹಾಗಾಗಿ ಹೆಡ್ ಆಫೀಸಿನಿಂದ ಬಂದಿದ್ದ ವಿಚಾರಣಾಧಿಕಾರಿಗೆ ಇವರಿಬ್ಬರ ಸಂಬಂಧ ಹೊಳೆಯಲಿಲ್ಲ, ಹೊಳೆಯುವಂತೆ ಯಾರೂ ಮಾಡಲಿಲ್ಲ.

ಅದು ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆ. ಒಗೆದ ಹಾಸುಬಟ್ಟೆಗಳು ಕೊನೆಗೆ ಬರುವುದು ರೋಲರಿಗೆ. ಒಂದು ಬದಿಯಿಂದ ಒದ್ದೆ ಹಾಸನ್ನು ನೀಡಿದರೆ ಅದು ಕಾದ ಉರುಳೆಗಳ ನಡುವೆ ನುಸುಳಿ ಇನ್ನೊಂದು ಬದಿಯಲ್ಲಿ ಹಪ್ಪಳದ ಹಾಗೆ ಗರಿಗರಿಯಾಗಿ ಬರುತ್ತದೆ. ನೀಡುವ ಬಾಯಿಗೆ ಅಡ್ಡಲಾಗಿ ಒಂದು ತಡೆಕಂಬಿ. ಕೈ ತಾಗಿದರೆ ಯಂತ್ರ ನಿಲ್ಲಬೇಕು, ಅದಕ್ಕೇ ಅದು ಇರುವುದು. ಮುದುಡಿದ ಬಟ್ಟೆ ತಾಗಿದರೂ ನಿಲ್ಲುತ್ತದೆ, ಅದೇ ಅದರ ಕಾಟ.

ಅವತ್ತು ಕಂಬಿ ಇರಲಿಲ್ಲ. ಕೆಲಸಕ್ಕೆ ಸೇರಿ ವಾರವೂ ಆಗದ ಹೊಸ ಹುಡುಗಿಯ ಬೆರಳುಗಳು ಹಾಸಿನ ಜೊತೆ ಒಳಗೆ ಹೋದವು. ರೋಲರ್ ನಡೆಸುವವನು ಹಾರಿಹೋಗಿ ಸ್ವಿಚ್ಚು ಕಿತ್ತದ್ದರಿಂದ ಕೈ ಉಳಿಯಿತು. ಎರಡು ಬೆರಳು ಇನ್ನು ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ರೋಲರ್ ನಡೆಸುವವನು ಉದ್ದಣ್ಣ. ಬಾಗಿಲುಗಳೆಲ್ಲ ತನ್ನ ತಲೆಗೆ ಹೊಡೆಯಲೆಂದೇ ಇಟ್ಟವು ಎಂದು ನಂಬಿದ್ದ ಆಳು. ಕಂಬಿ ಕಳಚಿದ್ದು ಅವನೇ. ಅದನ್ನು ಅವನೂ ಒಪ್ಪಿಕೊಂಡಿದ್ದ. ಯಾರ ಮಾತಿನ ಮೇಲೆ ಕಳಚಿದ ಅನ್ನುವುದೇ ಪ್ರಶ್ನೆ. "ಮೇಸ್ತ್ರಿ ಹೇಳಿದ್ರು" ಎಂದ ಅವನು. "ನಾನು ಹೇಳಿದೆ ಅನ್ನೋದಕ್ಕೆ ಬರವಣಿಗೆಯಲ್ಲಿ ಏನಿದೆ?" ಎಂದರು ಮೇಸ್ತ್ರಿ. ಬರವಣಿಗೆಯಲ್ಲಿ ಏನೂ ಇರಲಿಲ್ಲ. ಆ ಕಾರ್ಖಾನೆಯಲ್ಲಿ ಸೋಪಿನ ಪುಡಿಯಿಂದ ಹಿಡಿದು ರಜೆಯ ತನಕ ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಹೊಸ ಹುಡುಗಿ ಆಗ ಒದ್ದೆ ಹಾಸು ತರಲು ಹೋಗಿದ್ದಳು; ಹತ್ತಿರದಲ್ಲಿದ್ದವಳು ಒಬ್ಬಳೇ: ರೋಲರಿನ ಆಚೆ ಬದಿಯಲ್ಲಿ ಹಾಸು ಮಡಚುವ ದೊಡ್ಡಮ್ಮ. ಅವಳು ಏನೆನ್ನುತ್ತಾಳೋ ಅದರ ಮೇಲೆ ಉದ್ದಣ್ಣನ ಕೆಲಸ.

ಅವಳು ಅಂದದ್ದು "ಹೂಂ".

ವಿಚಾರಣಾಧಿಕಾರಿ ಮನೆಯಿಂದ ತಂದ ದಿಂಬನ್ನು ಕುರ್ಚಿಗೆ ಹಾಕಿ ಕೂತು ಆಪಾದನಾ ಪತ್ರ ಓದತೊಡಗಿದ್ದರು. "ಸದರಿ ಕೆಲಸಗಾರನು ಯಂತ್ರದ ತಡೆಕಂಬಿಯನ್ನು ಯಾರ ಅಪ್ಪಣೆಯೂ ಇಲ್ಲದೆ ತಾನಾಗಿಯೇ ಕಳಚಿರುತ್ತಾನೆ."

"ಹೂಂ" ಎಂದಳು ದೊಡ್ಡಮ್ಮ, ಮುಂದಕ್ಕೆ ಬಾಗಿ, ಮರ್ಯಾದೆಯಿಂದ.

"ಹಾಗೆ ಮಾಡಕೂಡದೆಂದು ಮೇಸ್ತ್ರಿಯವರು ಎಚ್ಚರಿಸಿದ್ದರೂ ಕಿವಿಗೆ ಹಾಕಿಕೊಂಡಿರುವುದಿಲ್ಲ."

"ಹೂಂ."

ಟಕಟಕಿಯ ಬೆರಳು ತಡೆದವು. "ಸರ್, ಹೂಂ ಅಂತಾನೇ ಹಾಕ್ಲಾ?"

"ಹೂಂ ಅನ್ನೋದು ಒಂದು ಉತ್ತರ ಏನ್ರೀ? ದನ ಅಂಬಾ ಅಂದ ಹಾಗೆ. ಹೌದು ಅಂತ ಹಾಕಿ."

ಹಾಕಿದಳು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ; ಆಗಬೇಕಾದರೆ ಇದೇ ಅಧಿಕಾರಿ ಒಳ್ಳೆಯ ಮಾತು ಬರೆಯಬೇಕಿತ್ತು. ಆದರೆ ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅವಳು ಅದನ್ನೂ ಯೋಚಿಸಲಿಲ್ಲ. ಬೆರಳು ಮುಂದೆ ಓಡುತ್ತಿದ್ದವು, ತಲೆ ಹಿಂದೆ ಉಳಿದಿತ್ತು. ಅಧಿಕಾರಿ ಒಂದೊಂದು ವಾಕ್ಯ ಓದಿದಾಗಲೂ ದೊಡ್ಡಮ್ಮ ಹೂಂಗುಟ್ಟಿದಳು, ಇವಳು ಪ್ರತಿ ಸಲವೂ 'ಹೌದು' ಎಂದು ಕುಟ್ಟಿದಳು. ಕೊನೆಗೆ ಹೆಬ್ಬೆಟ್ಟು. ದೊಡ್ಡಮ್ಮ ಅದನ್ನು ಹಾಜರಿ ಅಂದುಕೊಂಡಳು.

ತಲೆ ಬೆರಳುಗಳ ಜೊತೆಗೆ ಬಂದು ಸೇರಿದ್ದು ಸಂಜೆ, ಬಸ್ಸಿನಲ್ಲಿ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೈಮೇಲೆ ಇರುವೆ ಬಿಟ್ಟ ಹಾಗೆ ಎದ್ದು ನಿಂತಳು, ಸೀಟಿಗಾಗಿ ಕಾದಿದ್ದ ಮುದುಕರೊಬ್ಬರು ಆಶೀರ್ವಾದ ಮಾಡಿದರು.

ಹೂಂ ಅಂದರೆ ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಚಿಕ್ಕಂದಿನಲ್ಲಿ ದೊಡ್ಡಮ್ಮ ಕಥೆ ಹೇಳುವಾಗ ಹೂಂಗುಡುವ ಕೆಲಸ ಅವಳದ್ದೇ. ಹೂಂ ನಿಂತರೆ ಕಥೆ ನಿಲ್ಲುತ್ತಿತ್ತು, ವಾಕ್ಯದ ನಡುವೆ ಆದರೂ ಸರಿಯೇ. ಮರುದಿನ ಎಲ್ಲಿ ಹೂಂ ನಿಂತಿತ್ತೋ ಅಲ್ಲಿಂದಲೇ ಶುರು. ರಾಕ್ಷಸ ಏಳು ಸಮುದ್ರ ದಾಟಿದ ಅಂದರೂ ಹೂಂ, ಮೊಲ ಆನೆಯನ್ನು ಮದುವೆಯಾಯಿತು ಅಂದರೂ ಹೂಂ. ಒಪ್ಪಿದ್ದೇನೆ ಅಂತ ಯಾರಾದರೂ ಹೇಳಿದ್ದರೇ? ನಾನು ಇಲ್ಲೇ ಇದ್ದೇನೆ, ನೀನು ಹೇಳು. ಅಷ್ಟೇ ಅದರ ಅರ್ಥ. ಕೇಳುವವರು ನಡುವೆ ಬಾಯಿ ಹಾಕಬಾರದು. ಅವರದ್ದು ಮುಗಿದ ಮೇಲೆ ನಮ್ಮದು. ದೊಡ್ಡಮ್ಮ ಬೆಂಚಿನ ಮೇಲೆ ಕಾದಿದ್ದು ಆ ತನ್ನ ಸರದಿಗೆ.

*

ಕಾರ್ಖಾನೆಯಲ್ಲಿ ಸುದ್ದಿ ಹರಡಲು ನೋಟೀಸು ಬೇಕಿರಲಿಲ್ಲ. ಮರುದಿನ ಊಟದ ಹೊತ್ತಿಗೆ ಹೆಂಗಸರು ದೊಡ್ಡಮ್ಮನಿಂದ ಒಂದು ಮಾರು ದೂರ ಕೂತಿದ್ದರು. ಬಟ್ಟೆಗೆ ಗಂಜಿ ಹಾಕುವ ಪಿಷ್ಟದ ತೊಟ್ಟಿಯ ಹತ್ತಿರದವಳು ಗಾಳಿಗೆ ಹೇಳುವ ಹಾಗೆ ಹೇಳಿದಳು: "ಕೆಲವರು ಮಡಚೋದರಲ್ಲಿ ಬಹಳ ಜಾಣರು. ಹಾಸೂ ಮಡಚ್ತಾರೆ, ಮನುಷ್ಯರನ್ನೂ ಮಡಚ್ತಾರೆ."

ದೊಡ್ಡಮ್ಮನಿಗೆ ಅರ್ಥವಾಗಲಿಲ್ಲ. ಯಾರಿಗೋ ಯಾರ ಮೇಲೋ ಕೋಪ ಅಂದುಕೊಂಡು ತನ್ನ ಡಬ್ಬಿ ಮುಂದೆ ಚಾಚಿದಳು. ಯಾರೂ ಕೈ ಹಾಕಲಿಲ್ಲ.

ಆ ದಿನ ಸಂಜೆ ಉದ್ದಣ್ಣ ಮನೆಗೇ ಬಂದ. ಬಾಗಿಲಿಗೆ ಬಗ್ಗಿದವನು ಒಳಗೆ ಬಂದ ಮೇಲೂ ನೆಟ್ಟಗಾಗಲಿಲ್ಲ.

"ದೊಡ್ಡಮ್ಮ, ನಾನು ನಿಮಗೇನು ಅನ್ಯಾಯ ಮಾಡಿದ್ದೆ?"

"ನೀನಾ? ನನಗಾ? ಕೂತ್ಕೊಳೋ, ಚಹಾ ಇಡ್ತೀನಿ."

"ಚಹಾ ಬೇಡ. ಸಾಹೇಬ್ರು ಕಾಗದ ಓದಿ ಹೇಳಿದ್ರು. ನಾನೇ ಮೇಸ್ತ್ರಿ ಮಾತು ಮೀರಿ ಕಂಬಿ ಕಿತ್ತೆ ಅಂತ. ಎಲ್ಲದಕ್ಕೂ ಹೌದು ಹೌದು ಅಂದಿದೀರಂತೆ."

"ನಾನು ಬಾಯೇ ಬಿಟ್ಟಿಲ್ಲವಲ್ಲೋ!" ದೊಡ್ಡಮ್ಮ ಪಾತ್ರೆ ಕೆಳಗಿಟ್ಟಳು. "ಅವರು ಓದಿದ್ರು, ನಾನು ಕೇಳಿಸ್ಕೊಂಡೆ. ಅಷ್ಟು ದೊಡ್ಡ ಮನುಷ್ಯ ಗಂಟಲು ಒಣಗಿಸ್ಕೊಂಡು ಹೇಳ್ತಿದ್ರೆ ಹೂಂ ಅನ್ನದೆ ಕಂಬದ ಹಾಗೆ ಕೂರಕ್ಕಾಗುತ್ತಾ? ಸುಳ್ಳೇ ಓದ್ತಿದ್ರು, ಪೂರ್ತಿ ಸುಳ್ಳು. ನನ್ನ ಸರದಿ ಬರ್ಲಿ, ಹೇಳ್ತೀನಿ ಅಂತ ಇದ್ದೆ. ಹೌದು ಅಂತ ಅಂದಿದ್ರೆ ನನ್ನ ನಾಲಿಗೆ ಬಿದ್ದು ಹೋಗ್ಲಿ. ಬೇಕಿದ್ರೆ ಇವಳನ್ನೇ ಕೇಳು, ಇವಳೂ ಅಲ್ಲೇ ಇದ್ದಳಲ್ಲ."

ಇಬ್ಬರೂ ಟಕಟಕಿಯ ಕಡೆ ತಿರುಗಿದರು.

"ಹೌದು ಅಂತ ಹಾಕಿದ್ದು ನಾನೇ" ಎಂದಳು ಅವಳು. "ಸಾಹೇಬ್ರು ಹಾಕು ಅಂದ್ರು."

ದೊಡ್ಡಮ್ಮ ಅವಳನ್ನು ನೋಡಿದ್ದು ಸಿಟ್ಟಿನಿಂದಲ್ಲ. ಹಾಸು ಮಡಚುವಾಗ ಎಲ್ಲೋ ಒಂದು ಕಲೆ ಉಳಿದುಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವಂಥ ನೋಟ ಅದು. "ಅವರು ಹೊರಗಿನವರು, ಬಿಡು. ನಿನಗೂ ಗೊತ್ತಾಗ್ಲಿಲ್ವಾ?"

ಉದ್ದಣ್ಣ ಕೇಳಿದ: "ಈಗ ಹೋಗಿ ಹೇಳಿದ್ರೆ?"

"ಆಗಲ್ಲ. ಹೆಬ್ಬೆಟ್ಟು ಬಿದ್ದಿದೆ. ಮಾತು ಬದಲಿಸೋ ಸಾಕ್ಷಿ ಅಂತಾರೆ." ಟಕಟಕಿ ಆಗಲೇ ನಿಯಮದ ಪುಸ್ತಕ ತಿರುವಿ ಹಾಕಿ ಬಂದಿದ್ದಳು, ಮಧ್ಯಾಹ್ನವೆಲ್ಲ ಅದೇ ಕೆಲಸ, ಉಗುರು ಕಚ್ಚುತ್ತ. "ಒಂದು ದಾರಿ ಇದೆ. ಸಾಕ್ಷಿಗೆ ಪ್ರಶ್ನೆ ಕೇಳೋ ಹಕ್ಕು ನಿಮಗಿದೆ. ಪಾಟೀಸವಾಲು ಅಂತ."

"ಪಾಠಾನಾ? ಪಾಠ ತಲೆಗೆ ಹತ್ತಿದ್ರೆ ನಾನ್ಯಾಕೆ ರೋಲರ್ ಹಿಡೀತಿದ್ದೆ?"

"ಪಾಠ ಅಲ್ಲ ಅಣ್ಣ, ಪಾಟೀ... ಬಿಡಿ. ನಾಳೆ ಒಂದು ಅರ್ಜಿ ಕೊಡಿ. ನಾನೇ ಬರೆದುಕೊಡ್ತೀನಿ. ವಿಚಾರಣೆ ದಿನ ಒಂದೇ ಮಾತು ಕೇಳಿ: ದೊಡ್ಡಮ್ಮ, ಏನಾಯ್ತು?"

ಉದ್ದಣ್ಣ ಹೋಗುವಾಗ ಬಾಗಿಲಿಗೆ ತಲೆ ಹೊಡೆಸಿಕೊಂಡ. ಯಾವತ್ತೂ ಬೈಯುತ್ತಿದ್ದವನು ಅವತ್ತು ಬೈಯಲಿಲ್ಲ.

*

ಅರ್ಜಿ ಒಪ್ಪಿಗೆಯಾಯಿತು, ದಿನವೂ ಗೊತ್ತಾಯಿತು. ಅಲ್ಲಿಂದ ಟಕಟಕಿ ಬಾಲ ಸುಟ್ಟ ಬೆಕ್ಕಾದಳು. ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮೊದಲು, ಸಂಜೆ ಚಪ್ಪಲಿ ಬಿಡುವ ಮೊದಲು ಒಂದೇ ಮಾತು: "ದೊಡ್ಡಮ್ಮ, ಒಂದು ಸಲ ಹೇಳು."

"ಹೇಳೋದೇನು, ನಡೆದದ್ದು ನಡೆದ ಹಾಗೆ ಹೇಳ್ತೀನಿ. ಅವತ್ತು ಬೆಳಿಗ್ಗೆ ಪಿಷ್ಟ ಹುಳಿ ವಾಸನೆ ಹೊಡೀತಿತ್ತು..."

"ಪಿಷ್ಟ ಬೇಡ! 'ಮೇಸ್ತ್ರಿ ಕಂಬಿ ತೆಗೆಯಲು ಹೇಳಿದರು.' ಅಷ್ಟೇ. ಇಷ್ಟೇ ಹೇಳು."

"ಮೇಸ್ತ್ರಿ ಕಂಬಿ ತೆಗೆಯಲು ಹೇಳಿದರು" ಎಂದು ದೊಡ್ಡಮ್ಮ ಶಾಲೆಯ ಮಗುವಿನ ಹಾಗೆ ಒಪ್ಪಿಸಿ, ಮುಖ ಕಿವುಚಿದಳು. "ಇದು ನನ್ನ ಮಾತಿನ ಹಾಗೇ ಇಲ್ಲ. ಯಾರು ನಂಬ್ತಾರೆ? ಯಾಕೆ ಹೇಳಿದ್ರು, ಹೇಗಿದ್ರು, ಅದು ಬೇಡ್ವಾ? ಹಿಂದಿಲ್ಲ ಮುಂದಿಲ್ಲ, ಗಾಳೀಲಿ ನೇತಾಡೋ ಕಾಲುಚೀಲದ ಹಾಗಿದೆ."

ಸರಿ, ಪೂರ್ತಿ ಹೇಳು ಎಂದರೆ ಒಂದೊಂದು ಸಲ ಒಂದೊಂದು ಥರ. ಸೋಮವಾರದ ಹೇಳಿಕೆಯಲ್ಲಿ ರೋಲರಿಗೆ ಸಿಕ್ಕಿದ್ದು ಆಸ್ಪತ್ರೆಯ ಬಿಳಿ ಹಾಸು, ಬುಧವಾರ ಹೋಟೆಲಿನ ಅಂಚಿನ ಹಾಸು. ಒಂದು ಸಲ ಮೇಸ್ತ್ರಿ ಕೈ ಬೀಸಿದರು, ಇನ್ನೊಂದು ಸಲ ಕಾಲು ಕುಟ್ಟಿದರು.

"ಮೊನ್ನೆ ಬಿಳಿ ಅಂದೆ!"

"ಮೊನ್ನೆ ಬಿಳಿ. ಇವತ್ತು ನೀನು ಅರ್ಜೆಂಟಲ್ಲಿದ್ದೀಯ, ಅಂಚು ಹಾಕಿದ್ರೆ ಬೇಗ ಕಣ್ಣಿಗೆ ಕಾಣುತ್ತೆ ಅಂತ ಹಾಕ್ದೆ. ಹಾಸು ಯಾವುದಾದ್ರೇನು? ಕಂಬಿ ತೆಗಿ ಅಂದದ್ದು ಬದಲಾಯ್ತಾ? ಯಾವ ಸಲವಾದ್ರೂ ಬದಲಾಯ್ತಾ?"

ಇಲ್ಲ. ಅದು ಒಂದು ಸಲವೂ ಬದಲಾಗಲಿಲ್ಲ. ಆದರೆ ಅಧಿಕಾರಿ ಹಿಡಿಯುವುದು ಹಾಸನ್ನು. ಬಿಳಿಗೂ ಅಂಚಿಗೂ ನಡುವಿನ ಸಂದಿಯಲ್ಲಿ ಉದ್ದಣ್ಣನಷ್ಟು ಉದ್ದದ ಆಳೂ ಬಿದ್ದುಹೋಗುತ್ತಾನೆ. ಅವಳಿಗೆ ಚಿಕ್ಕಂದಿನ ಜಗಳ ನೆನಪಾಯಿತು. ಓದು ಕಲಿತ ಹೊಸತರಲ್ಲಿ ಅವಳೂ ಹೀಗೇ ಹಿಡಿದಿದ್ದಳು: 'ನಿನ್ನೆ ರಾಣಿಗೆ ಮೂರು ಮಕ್ಕಳು ಅಂದಿದ್ದೆ.' 'ನಿನ್ನೆ ಮೂರು. ಇವತ್ತು ನಿನಗೆ ನಿದ್ದೆ ಬಂದಿದೆ, ಒಂದು ಸಾಕು.' ಆಗ ದೊಡ್ಡಮ್ಮ ಮೋಸ ಮಾಡುತ್ತಿದ್ದಾಳೆ ಎಂದು ಅತ್ತಿದ್ದಳು. ಈಗ ಅಳು ಬರಲಿಲ್ಲ, ಮತ್ತೆ ಮೊದಲಿಂದ ಹೇಳಿಸಿದಳು.

ವಿಚಾರಣೆಯ ಹಿಂದಿನ ದಿನ ಅವಳು ಸೋತು ಕೂತಳು. ದೊಡ್ಡಮ್ಮ ಅವಳ ತಲೆ ಮೇಲೆ ಕೈಯಿಟ್ಟಳು. "ನೀನು ಹೆದರ್ಬೇಡ. ಹೂಂಗುಡೋರು ಒಬ್ಬರಿದ್ರೆ ಸಾಕು, ನಾನು ಸರಿಯಾಗಿ ಹೇಳ್ತೀನಿ."

*

ಕೋಣೆಯಲ್ಲಿ ಐದು ಜನ. ದಿಂಬಿನ ಮೇಲೆ ಅಧಿಕಾರಿ, ಪಕ್ಕದಲ್ಲಿ ಆಡಳಿತದ ಪರವಾಗಿ ಕುರ್ಚಿಯ ತುದಿಯಲ್ಲಿ ಕೂತ ಮೇಸ್ತ್ರಿ, ಎದುರಿಗೆ ಮೊಣಕಾಲು ಎಲ್ಲಿಡಬೇಕೆಂದು ತಿಳಿಯದ ಉದ್ದಣ್ಣ, ನಡುವೆ ದೊಡ್ಡಮ್ಮ, ಮೂಲೆಯಲ್ಲಿ ಕೀಲಿಮಣೆಯ ಮುಂದೆ ಟಕಟಕಿ. ಕೆಳಗಿನ ಯಂತ್ರಗಳ ಗುಡುಗಿಗೆ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿತ್ತು.

"ಕೇಳಿ, ಏನು ಕೇಳ್ತೀರೋ" ಎಂದರು ಅಧಿಕಾರಿ.

"ದೊಡ್ಡಮ್ಮ, ಅವತ್ತು ಏನಾಯ್ತು?"

ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿದಳು. "ಅವತ್ತು ಬೆಳಿಗ್ಗೆ ಪಿಷ್ಟ ಹುಳಿ ವಾಸನೆ ಹೊಡೀತಿತ್ತು."

ನಿಲ್ಲಿಸಿದಳು. ಕೀಲಿಗಳ ಸದ್ದೂ ನಿಂತಿತು. ಎಲ್ಲರೂ ಕಾದರು.

"ಮುಂದೆ?" ಎಂದರು ಅಧಿಕಾರಿ.

"ಯಾರಾದ್ರೂ ಹೂಂ ಅನ್ನಿ ಸಾಹೇಬ್ರೇ. ಗೋಡೆಗೆ ಹೇಳ್ಲಾ?"

"ಹೂಂ ಅನ್ನೋದು ನನ್ನ ಕೆಲಸ ಅಲ್ಲಮ್ಮ. ನೀವು ಹೇಳಿ, ಅವರು ಬರ್ಕೊಳ್ತಾರೆ."

"ಒದ್ದೆ ಹಾಸು ಮುದುಡಿ ಮುದುಡಿ ಬರ್ತಿತ್ತು" ಎಂದಳು ದೊಡ್ಡಮ್ಮ. ಮತ್ತೆ ನಿಲ್ಲಿಸಿದಳು. ಅಧಿಕಾರಿಯ ಮುಖ ನೋಡಿದಳು. ಅವರು ಕಾಗದ ನೋಡುತ್ತಿದ್ದರು. ಉದ್ದಣ್ಣನನ್ನು ನೋಡಿದಳು, ಅವನಿಗೆ ಬಾಯಿ ತೆರೆಯಲು ಭಯ. ಟಕಟಕಿಯನ್ನು ನೋಡಲೇ ಇಲ್ಲ. ಹೊರಗೆ ಲಾರಿ ಹಾರ್ನ್ ಹೊಡೆಯಿತು. ಮೇಸ್ತ್ರಿಯ ಕಾಲು ಮೇಜಿನ ಕೆಳಗೆ ತಾಳ ಹಾಕತೊಡಗಿತು. ಆಸ್ಪತ್ರೆಯ ಬಟ್ಟೆ ಲೋಡಾಗಬೇಕು, ಇಲ್ಲಿ ನೋಡಿದರೆ ಮುದುಕಿ ಮೂಕಿಯಾಗಿ ಕೂತಿದ್ದಾಳೆ.

"ಹೂಂ, ಹೂಂ, ಹೇಳು ದೊಡ್ಡಮ್ಮ" ಎಂದರು ಮೇಸ್ತ್ರಿ. "ಲಾರಿ ಕಾಯ್ತಿದೆ."

ದೊಡ್ಡಮ್ಮ ಕುರ್ಚಿ ಸಮೇತ ಅವರ ಕಡೆಗೆ ತಿರುಗಿಬಿಟ್ಟಳು. ಕೇಳುವವರು ಸಿಕ್ಕಿದ್ದರು.

"ಅವತ್ತು ನೀವು ಹೊಸ ಬೂಟು ಹಾಕ್ಕೊಂಡು ಬಂದಿದ್ರಿ."

"ಹೂಂ" ಎಂದರು ಮೇಸ್ತ್ರಿ. ಬೂಟನ್ನು ಯಾರಾದರೂ ಗಮನಿಸಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ.

"ಹೊಳೀತಿತ್ತು, ಮುಖ ನೋಡ್ಕೋಬಹುದು. ಆದ್ರೆ ಹಿಮ್ಮಡಿ ಕಚ್ಚುತ್ತಿತ್ತು. ನೀವು ಯಾರಿಗೂ ಹೇಳ್ಲಿಲ್ಲ, ಗೋಡೆ ಹಿಡ್ಕೊಂಡು ಒಂದೊಂದೇ ಕಾಲು ಎತ್ತುತ್ತಿದ್ರಿ."

"ಹೂಂ." ಮೇಸ್ತ್ರಿಗೆ ನಗು ಬಂತು.

"ಕಾಲು ಉರಿಯೋನಿಗೆ ಲೋಕವೆಲ್ಲ ಉರಿ. ಅಷ್ಟರಲ್ಲಿ ಬಟ್ಟೆ ಕಂಬಿಗೆ ತಾಗ್ತು, ಮಿಷನ್ ನಿಂತ್ಕೊಳ್ತು. ಉದ್ದಣ್ಣ ಬಿಡಿಸಿದ. ಮತ್ತೆ ತಾಗ್ತು, ಮತ್ತೆ ನಿಂತ್ಕೊಳ್ತು."

"ಹೂಂ."

"ಹೊರಗೆ ಲಾರಿಯವನು ಈಗ ಹೊಡೆದ್ನಲ್ಲ, ಹಾಗೇ ಹಾರ್ನ್ ಹೊಡೆದ."

"ಹೂಂ." ಮೇಸ್ತ್ರಿ ಮುಂದಕ್ಕೆ ಬಾಗಿದ್ದರು. ಗದ್ದಕ್ಕೆ ಕೈ ಹೋಗಿತ್ತು. ಅವರ ಅಜ್ಜಿಯೋ ಅತ್ತೆಯೋ ಯಾರೋ ಒಬ್ಬರು ಅವರನ್ನೂ ಹೀಗೆ ಮುಂದೆ ಕೂರಿಸಿಕೊಂಡು ಹೇಳಿದ್ದಿರಬೇಕು, ಗಂಟಲಿಗೆ ಅಭ್ಯಾಸವಿತ್ತು.

"ಆಗ ನೀವು ಬಂದು, 'ಈ ದರಿದ್ರ ಕಂಬಿ ಕಿತ್ತು ಬಿಸಾಕೋ ಉದ್ದಣ್ಣ, ಸಂಜೆ ಹಾಕಿದ್ರಾಯ್ತು' ಅಂದ್ರಿ."

"ಹೂಂ."

"ಅವನು, 'ಹೊಸ ಹುಡುಗಿ ಇದ್ದಾಳೆ ಮೇಸ್ತ್ರಿ' ಅಂದ. ನೀವು, 'ಹುಡುಗಿ ನೋಡ್ಕೊಂಡು ಕೂತ್ರೆ ಲಾರಿ ಹೋಗುತ್ತಾ' ಅಂದ್ರಿ."

"ಹೂಂ."

ಟಕಟಕಿಯ ಬೆರಳು ಈ ಸಲ ತಲೆಗಿಂತ ಮುಂದೆ ಓಡಲಿಲ್ಲ. ಮೇಸ್ತ್ರಿಯ ಹೂಂ ಎಂಥದ್ದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡಮ್ಮನ ಹೂಂ ಎಂಥದ್ದಾಗಿತ್ತೋ ಅಂಥದ್ದೇ. ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ಗೊತ್ತಿದ್ದೂ ಒಂದೊಂದರ ಎದುರೂ 'ಮೇಸ್ತ್ರಿ: ಹೌದು' ಎಂದು ಹಾಕಿದಳು. ತಪ್ಪು ಅಕ್ಷರ ಒಂದೂ ಬೀಳಲಿಲ್ಲ.

ಹೇಳಿ ಮುಗಿದ ಮೇಲೆ ನಿಯಮದ ಪ್ರಕಾರ ಅಧಿಕಾರಿ ಹಾಳೆಯನ್ನು ಗಟ್ಟಿಯಾಗಿ ಓದಿದರು. ಬೂಟಿನ ಹತ್ತಿರ ಹುಬ್ಬು ಗಂಟಿಕ್ಕಿತು. ಕಂಬಿಯ ಹತ್ತಿರ ಧ್ವನಿ ಇಳಿಯಿತು. "'ಕಿತ್ತು ಬಿಸಾಕೋ ಎಂದಿರಿ.' ಮೇಸ್ತ್ರಿ: 'ಹೌದು.'"

ಮೇಸ್ತ್ರಿ ಎದ್ದ ರಭಸಕ್ಕೆ ಕುರ್ಚಿ ಬಿತ್ತು. "ನಾನೆಲ್ಲಿ ಹೌದು ಅಂದೆ? ಹೂಂ ಅಂದೆ ಸಾರ್, ಹೂಂ! ಅದು ಕಥೆ ಕೇಳೋ ಹೂಂ! ಇವಳು ಹೇಳ್ತಿದ್ಲು, ನಾನು ಕೇಳಿಸ್ಕೊಳ್ತಿದ್ದೆ!"

ಅಧಿಕಾರಿ ಟೈಪಿಸ್ಟ್ ಕಡೆ ತಿರುಗಿದರು. "ಹೌದು ಅಂತ ಹಾಕೋಕೆ ಯಾರು ಹೇಳಿದ್ರು ನಿಮಗೆ?"

"ನೀವೇ ಸರ್. ಹೂಂ ಅನ್ನೋದು ಉತ್ತರ ಅಲ್ಲ, ಹೌದು ಅಂತ ಹಾಕಿ ಅಂದಿದ್ರಿ. ಮೊದಲನೇ ದಿನ."

ಉದ್ದಣ್ಣನ ಮುಖದಲ್ಲಿ ಮೊದಲ ಸಲ ರಕ್ತ ಆಡಿತು. ಮೇಸ್ತ್ರಿ ಸಿಕ್ಕಿಬಿದ್ದಿದ್ದರು, ಎಲ್ಲರಿಗೂ ಕಾಣುತ್ತಿತ್ತು. ಒಂದೇ ಒಂದು ಗಳಿಗೆ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಅಯ್ಯೋ, ಪಾಪ ಅವರು ನಿಜ ಹೇಳ್ತಿದ್ದಾರೆ ಸಾಹೇಬ್ರೇ" ಎಂದಳು ದೊಡ್ಡಮ್ಮ. "ಅವರು ಕೇಳಿಸ್ಕೊಳ್ತಿದ್ರು ಅಷ್ಟೇ. ಒಪ್ಕೊಂಡದ್ದಲ್ಲ. ಅಂದದ್ದು ಅಂದಿದ್ರು ಅವತ್ತು, ಅದು ಬೇರೆ. ಇವತ್ತು ಅಂದದ್ದು ಬರೀ ಹೂಂ."

ಉದ್ದಣ್ಣ ಹಣೆ ಚಚ್ಚಿಕೊಂಡ. ಟಕಟಕಿ ಕಣ್ಣು ಮುಚ್ಚಿದಳು. ಮೇಸ್ತ್ರಿ ಜೀವ ಬಂದವರ ಹಾಗೆ, "ನೋಡಿ, ಅವಳೇ ಹೇಳ್ತಿದ್ದಾಳೆ!" ಎಂದರು.

ಅಧಿಕಾರಿ ಕನ್ನಡಕ ತೆಗೆದರು. "ಹಾಗಾದ್ರೆ ಅಮ್ಮ, ಮೊದಲನೇ ದಿನ ನೀವು ಅಂದದ್ದು?"

"ನನ್ನದೂ ಅಷ್ಟೇ. ನೀವು ಹೇಳ್ತಿದ್ರಿ, ನಾನು ಕೇಳಿಸ್ಕೊಳ್ತಿದ್ದೆ. ಹೊರಗೆ ಬೆಂಚಿನ ಮೇಲೆ ಎಷ್ಟು ಹೊತ್ತು ಕಾದೆ, ನೀವು ಕರೀಲೇ ಇಲ್ಲ."

ಅವರು ಬಹಳ ಹೊತ್ತು ಹಾಳೆಗಳನ್ನು ಅತ್ತಿತ್ತ ಸರಿಸಿದರು. ಮೇಸ್ತ್ರಿಯ ಹೂಂ ಕೇಳುವ ಹೂಂ ಆದರೆ ಮುದುಕಿಯದೂ ಅದೇ. ಮುದುಕಿಯದು ಒಪ್ಪಿಗೆಯಾದರೆ ಮೇಸ್ತ್ರಿಯದೂ ಒಪ್ಪಿಗೆ. ಕೊನೆಗೆ ಪೆನ್ನಿನ ಮುಚ್ಚಳ ತೆಗೆದು ಎರಡೂ ಕಡೆಯ 'ಹೌದು'ಗಳ ಮೇಲೆ ಗೆರೆ ಎಳೆಯುತ್ತ ಹೋದರು. ಕಳೆ ಕೀಳುವವರ ಹಾಗೆ, ತಲೆ ಎತ್ತದೆ.

*

ತೀರ್ಮಾನ ಬಂದದ್ದು ಹಾವೂ ಸಾಯದೆ ಕೋಲೂ ಮುರಿಯದ ಹಾಗೆ. ಅಪ್ಪಣೆ ಕೊಟ್ಟರೆಂಬುದಕ್ಕೆ ದೊಡ್ಡಮ್ಮನ ಬಾಯಿಮಾತು, ಕೊಡಲಿಲ್ಲವೆಂಬುದಕ್ಕೆ ಮೇಸ್ತ್ರಿಯ ಬಾಯಿಮಾತು, ಆಪಾದನೆ ಸಾಬೀತಾಗಿಲ್ಲ. ಉದ್ದಣ್ಣನ ಕೆಲಸ ಉಳಿಯಿತು, ರೋಲರ್ ಉಳಿಯಲಿಲ್ಲ. ಅವನನ್ನು ಲಾರಿಗೆ ಮೂಟೆ ಹೇರಲು ಹಾಕಿದರು. ಮೇಸ್ತ್ರಿ ಮೇಸ್ತ್ರಿಯಾಗಿಯೇ ಉಳಿದರು. ಕಂಬಿಗೆ ವೆಲ್ಡಿಂಗ್ ಆಯಿತು. ಗೋಡೆಯ ಮೇಲೆ ನೋಟೀಸು ಬಿತ್ತು: ಬರವಣಿಗೆಯಲ್ಲಿ ಇಲ್ಲದ ಯಾವ ಆದೇಶವನ್ನೂ ಪಾಲಿಸಕೂಡದು. ಓದಲು ಬಾರದವರಿಗೆ ಮೇಸ್ತ್ರಿಯೇ ಅದನ್ನು ಬಾಯಿಮಾತಿನಲ್ಲಿ ಹೇಳಿದರು.

ಟಕಟಕಿಯನ್ನು ಕಾಯಂ ಮಾಡುವ ಕಾಗದ ಅಲ್ಲೇ ನಿಂತಿತು. ಅಧಿಕಾರಿ ದಿಂಬು ಎತ್ತಿಕೊಂಡು ಹೊರಡುವಾಗ, "ಟೈಪ್ ಮಾಡೋರಿಗೆ ಬೆರಳು ಸಾಕಮ್ಮ" ಎಂದಷ್ಟೇ ಹೇಳಿದ್ದರು. ಹೆಂಗಸರು ಮತ್ತೆ ದೊಡ್ಡಮ್ಮನ ಡಬ್ಬಿಗೆ ಕೈ ಹಾಕಿದರು. ಉದ್ದಣ್ಣ ಲಾರಿಯ ಹಿಂದಿನಿಂದ ಕೂಗಿ ತಮಾಷೆಯನ್ನೂ ಮಾಡಿದ: "ದೊಡ್ಡಮ್ಮ, ಇನ್ನೊಂದು ಸ್ವಲ್ಪ ಹೊತ್ತು ಬಾಯಿ ಮುಚ್ಚಿದ್ರೆ ನಾನು ಮೇಸ್ತ್ರಿ ಆಗ್ತಿದ್ದೆ!"

ಎಲ್ಲ ಸರಿಯಾಯಿತು ಅನ್ನಿಸಿದ ಒಂದು ಸಂಜೆ, ಟಕಟಕಿ ಚಪ್ಪಲಿ ಬಿಡುತ್ತಲೇ ಮಾತು ಶುರು ಮಾಡಿದಳು. ಹೊಸ ಹುಡುಗಿ ಕೆಲಸಕ್ಕೆ ಬಂದಿದ್ದಳು, ಕೈಯ ಪಟ್ಟಿ ಬಿಚ್ಚಿದ್ದಾರೆ, ಅವಳನ್ನು ಗುಂಡಿ ಹೊಲಿಯುವಲ್ಲಿ ಕೂರಿಸಿದ್ದಾರೆ, ಸೂಜಿ ಹಿಡಿಯಲು ಒದ್ದಾಡುತ್ತಾಳೆ. ಹೇಳುತ್ತ ಹೇಳುತ್ತ ಏನೋ ಸರಿಯಿಲ್ಲ ಅನ್ನಿಸಿತು. ಕತ್ತಲ ಮೆಟ್ಟಿಲಲ್ಲಿ ಒಂದು ಮೆಟ್ಟಿಲು ಕಡಿಮೆ ಬಿದ್ದ ಹಾಗೆ.

"ದೊಡ್ಡಮ್ಮ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ."

"ಮತ್ಯಾಕೆ ಹೂಂ ಅನ್ನಲ್ಲ?"

ದೊಡ್ಡಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅಂಚಿಗೆ ಅಂಚು ಕೂಡಿಸಿ, ಕೈಯಿಂದ ಇಸ್ತ್ರಿ ಮಾಡಿದಳು. "ಏನಂತ ಬರ್ಕೊಳ್ತೀಯೋ ಯಾರಿಗೆ ಗೊತ್ತು. ನೀನು ಹೇಳು, ನಾನು ಸುಮ್ಮನೆ ಕೇಳ್ತೀನಿ."

ಟಕಟಕಿ ಮುಂದೆ ಹೇಳಲು ನೋಡಿದಳು. ಹುಡುಗಿಯ ಬೆರಳು, ಸೂಜಿ. ಒಂದು ವಾಕ್ಯ ಹೇಳಿ ನಿಂತಳು, ಮುಂದಿನದು ಬರಲಿಲ್ಲ. ಎದ್ದು ಕಿಟಕಿ ತೆಗೆದಳು, ಮುಚ್ಚಿದಳು, ನೀರು ಕುಡಿದಳು.

ಸ್ವಲ್ಪ ಹೊತ್ತಿನ ಮೇಲೆ ದೊಡ್ಡಮ್ಮನೇ ಬಟ್ಟೆಯ ಕಡೆ ನೋಡುತ್ತ ಬಾಯಿ ತೆಗೆದಳು. "ನಾನು ಹೊಸದಾಗಿ ಸೇರಿದಾಗ ಒಬ್ಬಳಿದ್ದಳು. ಅವಳಿಗೂ ಎಡಗೈ ಬೆರಳು ನೆಟ್ಟಗಾಗ್ತಿರ್ಲಿಲ್ಲ."

ನಿಲ್ಲಿಸಿದಳು. ಹಳೆಯ ಅಭ್ಯಾಸ, ಕಾಯುತ್ತಿದ್ದಳು.

"ಹೂಂ" ಎಂದಳು ಟಕಟಕಿ, ಬೇಗ, ಗಟ್ಟಿಯಾಗಿ.

ದೊಡ್ಡಮ್ಮ ತಲೆ ಎತ್ತಿ ಅವಳ ಮುಖ ನೋಡಿದಳು.

"ಇದು ಯಾವ ಹೂಂ?"